ಬಿರುಕಿಗೆ ಗಂಜಿ ಹಚ್ಚಿದ ಮಾಸ್ತರರು

ನಮ್ಮ ಪ್ರೌಢಶಾಲೆಯಲ್ಲಿ ಮೊದಲ ಗಂಟೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಾರಿಸುತ್ತಿತ್ತು. ಭೂಗೋಳದ ಮಾಸ್ತರರು ಹತ್ತೂಕಾಲಿಗೆ ಬರುತ್ತಿದ್ದರು. ಹನ್ನೊಂದು ವರ್ಷ ನಾನು ಆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಹನ್ನೊಂದು ವರ್ಷವೂ ಅವರು ಹತ್ತೂಕಾಲಿಗೇ ಬಂದರು. ಹತ್ತೂವರೆಗೆ ಬಂದಿದ್ದರೆ ಅರ್ಧ ದಿನದ ರಜೆ ಬರೆಯಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಕೇಳಿದಾಗ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಅವರ ಮೇಲೆ ಸಿಟ್ಟಾಗುವುದು ನನಗೆ ದಿನದ ಕೆಲಸಗಳಲ್ಲಿ ಒಂದಾಗಿತ್ತು; ಆ ಕೆಲಸವೂ ಇನ್ನಿಲ್ಲವಲ್ಲ ಎಂದು ತಿಳಿಯಲು ಒಂದು ದಿನ ಹಿಡಿಯಿತು. ಅವರ ಹೆಸರು ಬರೆಯುವುದಿಲ್ಲ. ಊರಿನವರಿಗೆ ಗೊತ್ತಿದೆ, ಉಳಿದವರಿಗೆ ಬೇಕಾಗಿಲ್ಲ. ಮಕ್ಕಳು ಅವರನ್ನು ‘ಭೂಕಂಪ ಸರ್’ ಎನ್ನುತ್ತಿದ್ದರು.

ಶಾಲೆ ಇದ್ದದ್ದು ಬನಹಟ್ಟಿಗೆ ಹತ್ತಿರದ ಒಂದು ಊರಿನಲ್ಲಿ. ಊರೆಂದರೆ ಮಗ್ಗಗಳು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದ ಮೇಲೆ ಊರಿನ ನೆಲ ಬೆಳಗಿನಿಂದ ಸಂಜೆಯವರೆಗೆ ಸಣ್ಣಗೆ ನಡುಗುತ್ತಿತ್ತು. ಹೊಸದಾಗಿ ಬಂದ ಶಿಕ್ಷಕರು ಮೇಜಿನ ಮೇಲೆ ಲೋಟದೊಳಗಿನ ನೀರು ಅಲುಗುವುದನ್ನು ಕಂಡು ಗಾಬರಿಯಾಗುತ್ತಿದ್ದರು. ನಮಗೆ ಕರೆಂಟು ಹೋಗಿ ಅದು ನಿಂತಾಗ ಮಾತ್ರ ಏನೋ ಕೆಟ್ಟಿತೆನಿಸುತ್ತಿತ್ತು. ಭೂಕಂಪದ ಹುಚ್ಚಿನ ಮನುಷ್ಯನಿಗೆ ಇದಕ್ಕಿಂತ ತಕ್ಕ ಊರು ಸಿಕ್ಕುತ್ತಿರಲಿಲ್ಲ.

ಅವರು ಚಿಮ್ಮಡದಿಂದ ಆಟೋದಲ್ಲಿ ಬರುತ್ತಿದ್ದರು. ಹೆಗಲಿಗೆ ಖಾಕಿ ಚೀಲ, ಅದರೊಳಗೆ ಕಲ್ಲು. ದಾರಿಯಲ್ಲಿ ಬಾವಿ ತೋಡುತ್ತಿದ್ದರೆ ಆಟೋ ನಿಲ್ಲಿಸಿ ಇಳಿದು, ಮೇಲೆ ಬಂದ ಕಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮತ್ತೆ ಹತ್ತುತ್ತಿದ್ದರು. ತಡವಾಗುತ್ತಿದ್ದುದು ಇದಕ್ಕೇ. ಜಮಖಂಡಿ ಕಡೆಯ ಕರಿಕಲ್ಲು, ಮುಧೋಳ ಕಡೆಯ ಸುಣ್ಣಗಲ್ಲು, ಬೀಳಗಿ ಕಡೆಯ ಕೆಂಪು ಮರಳುಗಲ್ಲು ಎಲ್ಲವೂ ಶಿಕ್ಷಕರ ಕೊಠಡಿಯ ಕಪಾಟು ತುಂಬಿ, ಕಿಟಕಿ ತುಂಬಿ, ಕೊನೆಗೆ ನನ್ನ ಮೇಜಿಗೂ ಬಂದವು. ಒಂದು ಶನಿವಾರ ಕೊಠಡಿ ಗುಡಿಸಲು ಬಂದ ಸಿಪಾಯಿ ಪೊರಕೆ ಕೆಳಗಿಟ್ಟು ಹೇಳಿದ: “ಅಕ್ಕಾರ, ನಾ ಸಾಲಿ ಸಿಪಾಯಿ ಅದೇನ್ರಿ. ಕಲ್ಲಿನ ಖಣಿ ಹಮಾಲ ಅಲ್ಲ.”

ನಾನು ಮಾಸ್ತರರನ್ನು ಕರೆಸಿದೆ. “ಇವನ್ನೆಲ್ಲಾ ಹೊರಗ ಹಾಕ್ಸೂದು ಯಾವಾಗ?”

ಅವರು ಒಂದು ಕರಿಕಲ್ಲು ಎತ್ತಿ ನನ್ನ ಕೈಗಿಟ್ಟರು. “ಹಿಡೀರಿ ಅಕ್ಕಾರ. ಇದು ಬೆಂಕಿ ಇತ್ತು. ನೆಲಾ ಸೀಳಿ ಮ್ಯಾಲ ಬಂದು ರಾಡಿ ಹರದಂಗ ಹರದು, ಬರ್ತಾ ಬರ್ತಾ ನಮ್ಮ ಸೀಮಿಗೆ ಬಂದು ನಿಂತೈತಿ. ಇಲ್ಲಿಂದ ತೆಂಕಣಕ್ಕ ಹೋಗಲಿಲ್ಲ. ಅದು ಎಲ್ಲಿ ನಿಂತಿತು ಅನ್ನೂದನ್ನ ಹುಡುಗರಿಗೆ ತೋರಿಸಬೇಕಲ್ರಿ?”

ಕಲ್ಲು ಅಲ್ಲೇ ಉಳಿಯಿತು. ನನ್ನ ಪ್ರಶ್ನೆಗೆ ಉತ್ತರವೂ ಸಿಗಲಿಲ್ಲ.

ಅವರ ಪಾಠ ಟಿಪ್ಪಣಿಯ ಪುಸ್ತಕ ಇನ್ನೂ ನನ್ನ ಕಣ್ಣ ಮುಂದಿದೆ. ಪ್ರತಿ ಸೋಮವಾರ ವಾರದ ಪಾಠವನ್ನು ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ ಎಂದು ಭಾಗ ಮಾಡಿ ಬರೆದು ತೋರಿಸಬೇಕೆಂಬುದು ನಿಯಮ. ಅವರು ಬರೆದದ್ದು ಎರಡು ಸಾಲು: ‘ಈ ವಾರ: ಭೂಮಿಯ ಒಳಗು. ಮುಂದಿನ ವಾರ: ಉಳಿದದ್ದು.’ ನಾನು ಕೆಂಪು ಶಾಯಿಯಲ್ಲಿ ‘ಇದು ಸಾಲದು’ ಎಂದು ಬರೆದೆ. ಅವರು ಅದರ ಕೆಳಗೆ ‘ಒಪ್ಪಿದೆ’ ಎಂದು ಬರೆದು ಸಹಿ ಹಾಕಿ ವಾಪಸು ಕಳಿಸಿದರು.

ಒಂದು ದಿನ ಮೂರನೇ ಅವಧಿಯಲ್ಲಿ ಒಂಬತ್ತನೇ ತರಗತಿ ಖಾಲಿಯಾಗಿತ್ತು. ಚೀಲಗಳಿದ್ದವು, ಮಕ್ಕಳಿರಲಿಲ್ಲ. ಸಿಪಾಯಿಯನ್ನು ಕೇಳಿದರೆ, “ಗಂಜಿ ನೋಡಾಕ ಹೋಗ್ಯಾರ್ರಿ,” ಎಂದ. ಊರಿನಲ್ಲಿ ನೂಲು ಗಟ್ಟಿಯಾಗಲೆಂದು ಹಚ್ಚುವ ಗಂಜಿಯನ್ನು ದೊಡ್ಡ ಕಡಾಯಿಯಲ್ಲಿ ಕುದಿಸುವ ಅಂಗಳವೊಂದಿತ್ತು. ನಾನು ಬಿಸಿಲಲ್ಲಿ ಅಲ್ಲಿಗೆ ಹೋದೆ. ಇಡೀ ತರಗತಿ ಕಡಾಯಿಯ ಸುತ್ತ ನಿಂತಿತ್ತು. ಮಾಸ್ತರರು ಕೈಯಲ್ಲಿ ಬಿದಿರು ಕೋಲು ಹಿಡಿದಿದ್ದರು.

“ಕೆಳಗ ಏನೈತಿ?”

“ಬೆಂಕಿರೀ.”

“ನಡುವ ಕುದಿಯೂದು ಏನ ಮಾಡಾಕತ್ತೈತಿ?”

“ಮ್ಯಾಲ ಬರಾಕತ್ತೈತ್ರಿ. ಮ್ಯಾಲ ಬಂದು ಬದೀಗೆ ಹೊಂಟೈತ್ರಿ.”

“ಬದೀಗೆ ಹೋಗಿ ತಣ್ಣಗಾಗಿ ಮತ್ತ ಕೆಳಗ ಇಳೀತೈತಿ. ಹಂಗಾರ ಮ್ಯಾಲ ಕಟ್ಟಿದ ಕೆನಿ?”

“ಅದೂ ಸರಿಯಾಕತ್ತೈತ್ರಿ ಸರ್! ಇಲ್ಲಿ ಸೀಳೈತ್ರಿ, ಅಲ್ಲಿ ಮಡಚೈತ್ರಿ.”

“ಆ ಕೆನಿ ಮ್ಯಾಲ ನಮ್ಮೂರು ಐತಿ. ನಿನ್ನ ಮನಿ, ನನ್ನ ಮನಿ, ಅಕ್ಕಾರ ಆಫೀಸು.” ಆಗ ತಿರುಗಿ ನನ್ನನ್ನು ನೋಡಿದರು. “ಬರ್ರಿ ಅಕ್ಕಾರ, ಸರಿಯಾದ ವ್ಯಾಳ್ಯಾಕ್ಕ ಬಂದ್ರಿ.”

ಮಕ್ಕಳ ಮುಂದೆ ಏನು ಹೇಳುವುದು? ನಾನೂ ನಿಂತು ನೋಡಿದೆ. ಕೆನೆ ಸರಿಯುತ್ತಿದ್ದುದು ನಿಜ. ಆದರೆ ಅದು ಗಣಿತದ ಅವಧಿ.

ಉಗುರಿನ ಪ್ರಸಂಗ ಇದಕ್ಕಿಂತ ಕೆಟ್ಟದ್ದು. ಸೋಮವಾರ ಪ್ರಾರ್ಥನೆಯಾದ ಮೇಲೆ ನಾನೇ ಸಾಲುಸಾಲಾಗಿ ಮಕ್ಕಳ ಉಗುರು ನೋಡುತ್ತಿದ್ದೆ. ಒಂದು ಸೋಮವಾರ ಒಂಬತ್ತನೇ ತರಗತಿಯ ಎಲ್ಲ ಮಕ್ಕಳ ಎಡಗೈ ಕಿರುಬೆರಳಿನ ಉಗುರೊಂದೇ ಕತ್ತರಿಸದೆ ಉಳಿದಿತ್ತು. ಉಳಿದ ಒಂಬತ್ತು ಉಗುರು ಸ್ವಚ್ಛ. ತರಗತಿಯ ನಾಯಕಿ ಸಾವಿತ್ರಿ ಎಂಬ ನೇಕಾರರ ಹುಡುಗಿ. ಅವಳನ್ನು ಮುಂದೆ ಕರೆದೆ.

“ಇದೇನಿದು?”

“ಸರ್ ಕತ್ತರಿಸಬ್ಯಾಡ ಅಂದಾರ್ರೀ ಅಕ್ಕಾರ. ಭಾರತ ಅಳೀಬೇಕಂತ್ರಿ.”

“ಏನು?”

“ಭಾರತ ಬಡಗಣಕ್ಕ ಹೊಂಟೈತ್ರಿ. ಉಗುರು ಬೆಳೆಯೂದ್ಕಿಂತ ಚೂರು ಜೋರಂತ್ರಿ. ದೀಪಾವಳಿ ತನಕಾ ಬಿಟ್ಟು ಅಳೀತೀವ್ರಿ.”

ಆರುನೂರು ಮಕ್ಕಳು ನಕ್ಕರು. ಒಂದೇ ಬೆರಳಿನ ಉಗುರಿಗೆ ವಿನಾಯಿತಿ ಕೊಡಬೇಕಾಯಿತು. ಆ ವರ್ಷ ಶಾಲೆಯ ಶಿಸ್ತಿನ ಪುಸ್ತಕದಲ್ಲಿ ನಾನು ಬರೆದ ಅತ್ಯಂತ ನಾಚಿಕೆಗೇಡಿನ ವಾಕ್ಯ ಅದು.

ಮುಧೋಳದಲ್ಲಿ ಶಿಕ್ಷಕರ ತರಬೇತಿ ನಡೆದಾಗ ಅವರಿಗೆ ಮಾತನಾಡಲು ನಲವತ್ತು ನಿಮಿಷ ಕೊಟ್ಟಿದ್ದರು. ಊಟದ ಹೊತ್ತು ಮೀರಿತು, ಅವರು ನಿಲ್ಲಿಸಲಿಲ್ಲ. ನಡುವೆ ವೇದಿಕೆಯಿಂದ ಇಳಿದು ನೆಟ್ಟಗೆ ನನ್ನ ಬಳಿ ಬಂದರು. “ಅಕ್ಕಾರ, ನಿಮ್ಮ ಬುತ್ತಿ ಕೊಡ್ರಿ.” ಎಲ್ಲರೂ ನೋಡುತ್ತಿದ್ದರು, ಕೊಟ್ಟೆ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೆತ್ತನೆಯ ಜೋಳದ ರೊಟ್ಟಿಯನ್ನು ಎರಡೂ ಕಡೆಯಿಂದ ಒತ್ತಿ ಮಡಿಕೆ ಮಾಡಿ ತೋರಿಸಿದರು. “ಆಳದಾಗ ಬಿಸಿ ಐತಿ, ಅಲ್ಲಿ ಕಲ್ಲು ಹಿಂಗ ಮಡಚತೈತಿ.” ಆಮೇಲೆ ಖಡಕ್ ರೊಟ್ಟಿ ಹಿಡಿದು ಒತ್ತಿದರು. ಒಂದು ಗಳಿಗೆ ಬಾಗಿತು. ಆಮೇಲೆ ಫಟ್ಟೆಂದು ಒಡೆದು ಚೂರು ಮುಂದಿನ ಸಾಲಿನವರ ಮಡಿಲಿಗೆ ಬಿತ್ತು. “ಮ್ಯಾಲಿನ ಕಲ್ಲು ಹಿಂಗ. ಬಾಗೂ ತನಕಾ ಬಾಗತೈತಿ, ತಡೀಲಾರದ್ದಕ್ಕ ಒಡೀತೈತಿ. ಆ ಫಟ್ ಅಂದದ್ದ ಭೂಕಂಪ.” ಚಪ್ಪಾಳೆ ಬಿತ್ತು. ನಾನು ಆ ದಿನ ಪಲ್ಯ ಒಂದನ್ನೇ ಉಂಡೆ.

ಇಷ್ಟು ಓದಿದವರು ಅವರನ್ನು ತಮಾಷೆಯ ಮನುಷ್ಯ ಎಂದುಕೊಂಡಾರು. ಗುಜರಾತಿನ ಭೂಕಂಪದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಗಣರಾಜ್ಯೋತ್ಸವದ ಬೆಳಿಗ್ಗೆ ಅದು ಆಯಿತು. ಅಲ್ಲಿ ಧ್ವಜ ಹಿಡಿದು ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಓಣಿಯ ಎರಡೂ ಬದಿಯ ಮನೆಗಳು ಬಿದ್ದವೆಂದು ಪತ್ರಿಕೆಯಲ್ಲಿ ಬಂತು. ಅವರು ಆ ಪತ್ರಿಕೆಯನ್ನು ಶಿಕ್ಷಕರ ಕೊಠಡಿಯಲ್ಲಿ ಬಹಳ ಹೊತ್ತು ಹಿಡಿದು ಕೂತಿದ್ದರು. ಆಮೇಲೆ ಮಡಚಿಟ್ಟು, “ಭೂಮಿ ಕೊಲ್ಲೂದಿಲ್ರಿ ಅಕ್ಕಾರ, ಗ್ವಾಡಿ ಕೊಲ್ತಾವು,” ಎಂದರು. ಅಂದಿನಿಂದ ಅವರು ಕಲ್ಲು ನೋಡುವುದು ಕಡಿಮೆಯಾಯಿತು, ಗೋಡೆ ನೋಡುವುದು ಹೆಚ್ಚಾಯಿತು.

ನಮ್ಮ ಶಾಲೆಯ ಹಿಂಬದಿಯಲ್ಲಿ ಒಂದು ದೊಡ್ಡ ಕೊಠಡಿ ಇತ್ತು. ಕಲ್ಲು-ಮಣ್ಣಿನ ಹಳೆಯ ಗೋಡೆ, ಗೋಡೆಯ ಆಚೆ ಸಾಲು ಮಗ್ಗಗಳು. ಗೋಡೆಯಲ್ಲಿ ಮೇಲಿನಿಂದ ಕೆಳಗೆ ಒಂದು ಬಿರುಕು ಇತ್ತು. ನಾನು ಬರುವ ಮುಂಚಿನಿಂದಲೂ ಇತ್ತು. ಆ ಕೊಠಡಿ ನನಗೆ ಬೇಕಿತ್ತು. ಯಾಕೆಂದು ಹೇಳುತ್ತೇನೆ.

ಹತ್ತನೇ ತರಗತಿಯ ಪರೀಕ್ಷೆಗೆ ನಮ್ಮ ಮಕ್ಕಳು ಜಮಖಂಡಿಗೆ ಹೋಗಬೇಕಿತ್ತು. ಗಂಡುಮಕ್ಕಳು ಬಸ್ಸಿಗೆ ಜೋತು ಬಿದ್ದು ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಪ್ರತಿವರ್ಷ ಕೆಲವರು ವರ್ಷವಿಡೀ ಓದಿ, ಪ್ರವೇಶಪತ್ರ ಕೈಗೆ ಬಂದ ಮೇಲೂ ಪರೀಕ್ಷೆಗೆ ಹೋಗುತ್ತಿರಲಿಲ್ಲ. ಮನೆಯವರು ಕಳಿಸುತ್ತಿರಲಿಲ್ಲ. ಸಾವಿತ್ರಿಯ ಅಕ್ಕ ಹಾಗೇ ಉಳಿದವಳು. ಅವಳ ಪ್ರವೇಶಪತ್ರ ನನ್ನ ಕಪಾಟಿನಲ್ಲಿ ಬಹಳ ದಿನ ಇತ್ತು. ಈಗ ಸಾವಿತ್ರಿ ಹತ್ತನೇ ತರಗತಿಗೆ ಬಂದಿದ್ದಳು. ಅವಳ ತಂದೆ ಜೂನ್ ತಿಂಗಳಲ್ಲೇ ನನಗೆ ಹೇಳಿದ್ದರು: “ಊರಾಗ ಪರೀಕ್ಷಾ ಇದ್ರ ಬರೀತಾಳ್ರಿ. ಜಮಖಂಡಿಗೆ ಮಾತ್ರ ಕಳಸೂದಿಲ್ಲ.”

ಹೀಗಾಗಿ ನಮ್ಮ ಊರಿಗೇ ಪರೀಕ್ಷಾ ಕೇಂದ್ರ ತರಬೇಕೆಂದು ಹಟ ಹಿಡಿದೆ. ಬಾಗಲಕೋಟೆ ಹೊಸ ಜಿಲ್ಲೆಯಾದ ಮೇಲೆ ಬಿಜಾಪುರಕ್ಕೆ ಅಲೆಯುವುದು ತಪ್ಪಿತ್ತು. ಅರ್ಜಿ ಹಾಕಿದೆ, ಓಡಾಡಿದೆ. ಕೇಂದ್ರಕ್ಕೆ ಇಷ್ಟು ಕೊಠಡಿಗಳು ಇರಲೇಬೇಕೆಂಬ ನಿಯಮ. ಆ ದೊಡ್ಡ ಕೊಠಡಿ ಸೇರಿದರೆ ಮಾತ್ರ ನಮ್ಮ ಸಂಖ್ಯೆ ಹೊಂದುತ್ತಿತ್ತು. ಅಧಿಕಾರಿಗಳು ಬಂದು ನೋಡಿ ಹೋಗುವುದೊಂದು ಬಾಕಿ.

ಅದೇ ಹೊತ್ತಿಗೆ ಮಾಸ್ತರರು ಆ ಬಿರುಕಿಗೆ ಕಾಗದದ ಪಟ್ಟಿ ಅಂಟಿಸಲು ಶುರು ಮಾಡಿದರು. ಬಿರುಕಿನ ಈ ಕಡೆಯಿಂದ ಆ ಕಡೆಗೆ ಒಂದು ತೆಳ್ಳನೆ ಪಟ್ಟಿ, ಅದರ ಮೇಲೆ ತಾರೀಖು. ಗೋಡೆ ಸರಿದರೆ ಪಟ್ಟಿ ಹರಿಯುತ್ತದೆ ಎಂಬುದು ಲೆಕ್ಕ. ಅಂಟಿಗೆ ಬೇಕಾದ ಗಂಜಿಯನ್ನು ಮಗ್ಗದ ಮನೆಯ ಮಕ್ಕಳು ಡಬ್ಬಿಯಲ್ಲಿ ತರುತ್ತಿದ್ದರು. ಸಾವಿತ್ರಿಯ ಕೈಯಲ್ಲಿ ದಪ್ಪ ನೋಟುಪುಸ್ತಕ: ಯಾವ ಪಟ್ಟಿ, ಎಂದು ಹಚ್ಚಿದ್ದು, ಎಂದು ಹರಿದದ್ದು.

ಪಟ್ಟಿಗಳು ಹರಿದವು. ಒಂದಲ್ಲ ಎರಡಲ್ಲ, ವಾರ ತುಂಬುವುದರೊಳಗೆ ಎಲ್ಲವೂ. ಮತ್ತೆ ಹಚ್ಚಿದರು, ಮತ್ತೆ ಹರಿದವು. ಅಕ್ಟೋಬರಿನಲ್ಲಿ ಅವರು ನನಗೆ ಒಂದು ಪತ್ರ ಕೊಟ್ಟರು: ಗೋಡೆ ಸರಿಯುತ್ತಿದೆ, ಈ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಬಾರದು.

“ಮಾಸ್ತರ, ಇದೇ ಖೋಲಿ ನಂಬಿ ಕೇಂದ್ರ ಕೇಳೇನಿ ನಾನು.”

“ಗೊತ್ತೈತ್ರಿ ಅಕ್ಕಾರ.”

“ಕೇಂದ್ರ ಬರದಿದ್ರ ಸಾವಿತ್ರಿ ಪರೀಕ್ಷಾ ಬರೆಯೂದಿಲ್ಲ. ಅದೂ ಗೊತ್ತೈತೇನು?”

“ಗೊತ್ತೈತ್ರಿ. ಆದ್ರ ಗ್ವಾಡಿಗೆ ಗೊತ್ತಿಲ್ಲಲ್ರಿ.”

ಇಂಥ ಮನುಷ್ಯನ ಜೊತೆ ಏನು ಮಾತು? ಅಧಿಕಾರಿಗಳು ಬರುವ ಹಿಂದಿನ ದಿನ ಸಿಪಾಯಿಯಿಂದ ಪಟ್ಟಿಗಳನ್ನೆಲ್ಲ ಕೆರೆಸಿ ಹಾಕಿ, ಬಿರುಕಿಗೆ ಗಾರೆ ಮೆತ್ತಿಸಿ ಸುಣ್ಣ ಬಳಿಸಿದೆ. ಮಾಡಿದ್ದು ಸರಿಯಲ್ಲವೆಂದು ಆಗಲೂ ಗೊತ್ತಿತ್ತು. ಮಾಸ್ತರರನ್ನು ಎಂಟನೇ ತರಗತಿಗೆ ಕಳಿಸಿ, ಅಲ್ಲಿಂದ ಕದಲಬೇಡಿ ಎಂದೆ. ಅವರು ಕದಲಲಿಲ್ಲ. ಆ ಒಂದು ದಿನ ನನ್ನ ಮಾತು ಕೇಳಿದರು.

ಅಧಿಕಾರಿಗಳು ಬಂದರು, ಬೆಂಚು ನೋಡಿದರು, ಕಿಟಕಿ ನೋಡಿದರು, ಛಲೋ ಐತಿ ಎಂದರು. ಹೊರಗೆ ಹೊರಡುವಾಗ ಸುಮ್ಮನೆ ಅಲ್ಲಿ ಕೂತಿದ್ದ ಹತ್ತನೇ ತರಗತಿಯ ಮಕ್ಕಳ ಕಡೆ ತಿರುಗಿ, “ಇಲ್ಲೇ ಪರೀಕ್ಷೆ ಬರೆಯುತ್ತೀರೇನು?” ಎಂದು ಕೇಳಿದರು. ಮಕ್ಕಳು ನನ್ನ ಮುಖ ನೋಡಿದರು. ಸಾವಿತ್ರಿ ಎದ್ದು ನಿಂತಳು.

“ಸರ್, ಈ ಖೋಲಿ ಸರೀ ಇಲ್ರಿ. ಗ್ವಾಡಿ ಸರಿಯಾಕತ್ತೈತ್ರಿ. ನಾವ ಅಳದೇವ್ರಿ.” ನೋಟುಪುಸ್ತಕ ತೆಗೆದು ಅವರ ಕೈಗೆ ಕೊಟ್ಟಳು.

ಅವಳಿಗೆ ಅದರಿಂದ ಏನು ಹೋಗುತ್ತದೆಂದು ಆ ಕೊಠಡಿಯಲ್ಲಿ ಅವಳಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಅಧಿಕಾರಿಗಳು ಪುಟ ತಿರುವಿದರು. ಹಸಿ ಸುಣ್ಣವನ್ನು ಬೆರಳಿನಿಂದ ಮುಟ್ಟಿದರು. ಕರವಸ್ತ್ರದಿಂದ ಬೆರಳು ಒರೆಸಿಕೊಂಡು ಹೊರಟರು. ಎರಡು ವಾರಕ್ಕೆ ಪತ್ರ ಬಂತು: ಈ ವರ್ಷ ಕೇಂದ್ರವಿಲ್ಲ.

ನಾನು ಮಾಸ್ತರರ ಜೊತೆ ಮಾತು ಬಿಟ್ಟೆ. ಆಮೇಲೆ ಮಾತು ಬಿಟ್ಟರೆ ಹುಡುಗಿಗೆ ಏನೂ ಆಗುವುದಿಲ್ಲವೆಂದು ಹೊಳೆದು, ಅವರನ್ನೇ ಕರೆದುಕೊಂಡು ಸಾವಿತ್ರಿಯ ಮನೆಗೆ ಹೋದೆ. ಕೆಡಿಸಿದವರೇ ಕೇಳಿಕೊಳ್ಳಲಿ ಎಂಬುದು ನನ್ನ ಎಣಿಕೆ.

ಅವಳ ತಂದೆ ನಾಲ್ಕು ಮಗ್ಗಗಳನ್ನೂ ನಿಲ್ಲಿಸಿ ಬಂದರು. ಕಿವಿಯಲ್ಲಿ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು. “ಬರ್ರಿ ಅಕ್ಕಾರ. ಊರಾಗ ಆಗತೈತಿ ಅಂದಿದ್ರಿ. ಯಾಕ ಆಗಲಿಲ್ರಿ?”

ನಾನು ಮಾಸ್ತರರ ಕಡೆ ಕೈ ತೋರಿಸಿದೆ. ಅವರು ತಪ್ಪೊಪ್ಪಿಕೊಳ್ಳುತ್ತಾರೆಂದುಕೊಂಡರೆ, ಬಿರುಕು, ಪಟ್ಟಿ, ಹರಿದ ತಾರೀಖು ಎಲ್ಲವನ್ನೂ ಉತ್ಸಾಹದಿಂದ ವಿವರಿಸತೊಡಗಿದರು. ಸಾವಿತ್ರಿಯ ತಂದೆ ಪೂರ್ತಿ ಕೇಳಿದರು.

“ಕಾಗದದ ಹಾಳಿ ಎದರಲೆ ಹಚ್ಚಿದ್ರಿ ಮಾಸ್ತರ?”

“ನಿಮ್ಮನಿ ಗಂಜೀಲೇನ ರೀ. ಸಾವಿತ್ರಿನ ತಂದಿದ್ಲು.”

“ದಪ್ಪಗ ಹಚ್ಚಿದ್ರೇನು?”

“ದಪ್ಪಗ. ಬೀಳಬಾರದಲ್ರಿ.”

ಆ ಮನುಷ್ಯ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕೆಮ್ಮು ಬರುವ ತನಕ ನಕ್ಕರು. “ಮಾಸ್ತರ, ಗಂಜಿ ಒಣಗಿದ್ರ ಬಿಗದು ಜಗ್ಗತೈತ್ರಿ! ದಪ್ಪಗ ಹಚ್ಚಿ ಬಿಸಲಾಗ ಬಿಟ್ರ ನೂಲ ಹರೀತೈತಿ, ನಿಮ್ಮ ಹಾಳಿ ಯಾವ ಗಿಡದ ತಪ್ಪಲ? ಅದಕ್ಕ ನಾವು ಗಾಳಿ ನೋಡಿ, ಬಿಸಲು ನೋಡಿ ತೆಳುವು ಮಾಡಿ ಹಚ್ಚೂದು. ಗ್ವಾಡಿ ಎಲ್ಲೂ ಹೋಗಿಲ್ರಿ. ನಿಮ್ಮ ಗಂಜಿ ಜಗ್ಗೈತಿ.” ಮಗಳ ಕಡೆ ತಿರುಗಿ, “ಏನಬೇ, ನಿನಗೂ ತಿಳೀಲಿಲ್ಲೇನ?” ಎಂದರು.

“ನೂಲಿಗೆ ಅಂತ ಗೊತ್ತಿತ್ತಪ್ಪಾ,” ಎಂದಳು ಸಾವಿತ್ರಿ, “ಗ್ವಾಡಿಗೂ ಅಂತ ತಿಳೀಲಿಲ್ಲ.”

ನನಗೆ ನೆಲ ಸೀಳಿ ಒಳಗೆ ಹೋಗಬೇಕೆನಿಸಿತು. ಗಂಜಿಯ ಕಡಾಯಿಯಲ್ಲಿ ಇಡೀ ಭೂಮಂಡಲವನ್ನು ಕಂಡವರಿಗೆ ಗಂಜಿಯ ಗುಣ ಗೊತ್ತಿರಲಿಲ್ಲ! ಅವರ ಮುಖ ನೋಡಿದೆ. ನಾಚಿಕೆ ಇರಬೇಕಾದಲ್ಲಿ ಸಂತೋಷವಿತ್ತು. ಜೇಬಿನಿಂದ ಪೆನ್ನು ತೆಗೆದು ಮಗ್ಗದ ಅಂಚಿಗೆ ಕೂತೇ ಬಿಟ್ಟರು. “ಎಷ್ಟ ದಿನಕ್ಕ ಜಗ್ಗತೈತ್ರಿ? ಮಳಿಗಾಲದಾಗ ಕಡಿಮೀನೋ, ಹೆಚ್ಚೋ? ತೆಳುವು ಅಂದ್ರ ಎಷ್ಟು ತೆಳುವು?” ಆ ನೇಕಾರರೂ ಹುರುಪಿನಿಂದ ಹೇಳತೊಡಗಿದರು. ಹುಡುಗಿಯ ಪರೀಕ್ಷೆಯ ಮಾತು ಅಲ್ಲೇ ಮುರಿದು ಬಿತ್ತು. ನಾನು ಒಬ್ಬಳೇ ಎದ್ದು ಬಂದೆ.

ಅದಾದ ಮೇಲೆ ಮಾಸ್ತರರು ಶಾಲೆಯ ನೀರಿನ ಕೊಡ ಇಡುವ ಕಲ್ಲು ಚಪ್ಪಡಿಯ ಮೇಲೆ, ನೀರು ಹರಿಯಲು ಕೊರೆದ ಗೆರೆಗೆ ಅಡ್ಡಲಾಗಿ ಪಟ್ಟಿ ಹಚ್ಚಿದರು. ಚಪ್ಪಡಿ ಅಖಂಡ ಕಲ್ಲು. ಒಂದೇ ಕಲ್ಲು ಎರಡು ಕಡೆಗೆ ಸರಿಯಲಾರದು. ಪಟ್ಟಿ ನಾಲ್ಕನೇ ದಿನ ಹರಿಯಿತು. ಅವತ್ತು ಅವರು ನನ್ನ ಕೊಠಡಿಗೆ ಬಂದು ನಿಂತರು.

“ಅಕ್ಕಾರ, ಗ್ವಾಡೀದು ಏನೂ ತಪ್ಪಿಲ್ರಿ. ತಪ್ಪು ನಂದು.”

“ಈಗ ಹೇಳಿ ಏನ ಉಪಯೋಗ?”

“ಉಪಯೋಗಕ್ಕಂತಲ್ರಿ. ಅಳತಿ ತಪ್ಪಿದ್ರ, ಯಾಕ ತಪ್ಪಿತು ಅಂತ ಬರದಿಡಬೇಕ್ರಿ. ಇಲ್ಲಂದ್ರ ಮುಂದಿನವರೂ ಗಂಜೀಲೇನ ಹಚ್ತಾರ.”

ಮರುದಿನ ಪ್ರಾರ್ಥನೆಯ ಹೊತ್ತಿಗೆ ಆರುನೂರು ಮಕ್ಕಳ ಮುಂದೆ ಅದನ್ನೇ ಹೇಳಿದರು. ಸಾವಿತ್ರಿಯ ತಂದೆಯ ಹೆಸರು ಹೇಳಿ, ಈ ಮಾತು ನನಗೆ ಕಲಿಸಿದವರು ಅವರು ಎಂದರು. ಹತ್ತನೇ ತರಗತಿಯ ಮಕ್ಕಳು ಹರಿದ ಪಟ್ಟಿಗಳ ಲೆಕ್ಕದ ಒಂದು ಪುಟವನ್ನೂ ಹೊಡೆದು ಹಾಕಬಾರದು, ಕೆಳಗೆ ಎಲ್ಲಿ ತಪ್ಪಾಯಿತೆಂದು ಬರೆಯಬೇಕು ಎಂದು ತಾಕೀತು ಮಾಡಿದರು. ಅಧಿಕಾರಿಗಳಿಗೂ ಒಂದು ಪತ್ರ ಬರೆದು, ನನಗೆ ತೋರಿಸದೆ ಅಂಚೆಗೆ ಹಾಕಿದರು. ತೋರಿಸಿದ್ದರೆ ಹಾಕಲು ಬಿಡುತ್ತಿರಲಿಲ್ಲ. ಒಂದು ಶಾಲೆ ಎಷ್ಟು ಸಲ ನಗೆಪಾಟಲಾಗಬೇಕು?

ಮರುವಾರ ಸಾವಿತ್ರಿಯ ತಂದೆ ಶಾಲೆಗೆ ಬಂದರು. ಮಗಳು ಎಂಟನೇ ತರಗತಿಗೆ ಸೇರಿದಾಗಲೂ ಬಂದಿರದ ಮನುಷ್ಯ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

“ಅಕ್ಕಾರ, ನಾ ಹೇಳಿದ್ದು ಖರೆ ಅಂತ ಮಾಸ್ತರು ಎಲ್ಲಾರ ಮುಂದ ಹೇಳಿದ್ರಂತ.”

“ಹೂಂ, ಹೇಳ್ಯಾರ.”

“ನನ್ನ ಹೆಸರು ತಗೊಂಡ್ರಂತ.”

“ತಗೊಂಡಾರ.”

ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. “ಜಮಖಂಡಿಗೆ ಕಳಸ್ತೇನ್ರಿ. ಆದ್ರ ಅವರ ಜೋಡಿ ಬ್ಯಾಡ. ಹಾದ್ಯಾಗ ಕಲ್ಲು ಕಂಡ್ರ ಇಳದ ಬ್ಯಾರೆ ಹೋಗ್ತಾರವರು. ನೀವು ಕರಕೊಂಡು ಹೋಗಿ ಕರಕೊಂಡು ಬರ್ರಿ.”

ಹೀಗೆ ಅವರ ತಪ್ಪಿಗೆ ದಂಡ ಬಿದ್ದದ್ದು ನನಗೆ. ಪರೀಕ್ಷೆಯ ಅಷ್ಟೂ ದಿನ ಬೆಳಗಿನ ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಜಮಖಂಡಿಗೆ ಹೋದೆ. ಸಾವಿತ್ರಿಯ ಮನೆಯವರು ಕಳಿಸಿದ್ದಾರೆಂದು ಇನ್ನೂ ಇಬ್ಬರ ಮನೆಯವರು ಕಳಿಸಿದರು. ಮಾವಿನ ಮರದ ನೆರಳಿನಲ್ಲಿ ಕೂತು ಕಾದೆ. ಕಾಯುವುದು ನನ್ನ ಸ್ವಭಾವಕ್ಕೆ ಒಗ್ಗದ ಕೆಲಸ.

ಸಮಾಜ ವಿಜ್ಞಾನದ ದಿನ ಸಾವಿತ್ರಿ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದಳು. ಬೆರಳಿಗೆಲ್ಲ ಶಾಯಿ.

“ಹೆಂಗಾತು?”

“ಹಿಮಾಲಯ ಹೆಂಗ ಹುಟ್ಟಿತು ಅಂತ ಕೇಳಿದ್ರು ರೀ ಅಕ್ಕಾರ. ಎರಡು ಅಂಕಕ್ಕ.”

“ಬರದ್ಯಲ್ಲಾ?”

“ನಾಕ ಪುಟ ಬರದೇನ್ರಿ.”

“ಎರಡು ಅಂಕಕ್ಕ ನಾಕ ಪುಟಾನ?”

“ಕಡೀಕಿನ ಮೂರು ಪ್ರಶ್ನಿಗೆ ವ್ಯಾಳ್ಯಾ ಸಾಲಲಿಲ್ರಿ.”

ಬಸ್ಸಿನಲ್ಲಿ ಊರು ಬರುವ ತನಕ ನಾನು ಮನಸ್ಸಿನಲ್ಲೇ ಬೈದೆ. ಬೈದದ್ದು ಅವಳನ್ನಲ್ಲ.

ಸಾವಿತ್ರಿ ಪಾಸಾದಳು. ಉಳಿದ ವಿಷಯಗಳಲ್ಲಿ ಒಳ್ಳೆಯ ಅಂಕ. ಸಮಾಜ ವಿಜ್ಞಾನದಲ್ಲಿ ಅಂಚಿಗೆ ಬಂದು ದಾಟಿದ್ದಳು. ಅಂಕಪಟ್ಟಿಯನ್ನು ಮಾಸ್ತರರ ಮುಂದಿಟ್ಟು ಆ ಸಂಖ್ಯೆಯ ಮೇಲೆ ಬೆರಳಿಟ್ಟೆ. ಈಗಲಾದರೂ ಕಲಿಯಲಿ ಎಂದು. ಅವರು ಅಂಕ ನೋಡಲೇ ಇಲ್ಲ. “ಆ ನಾಕ ಪುಟ ಓದಬೇಕಿತ್ರಿ ಅಕ್ಕಾರ. ತರಸಾಕ ಬರತೈತೇನ್ರಿ?” ಎಂದರು. ಬರುವುದಿಲ್ಲ ಎಂದೆ. ಮರುವರ್ಷ ನಮಗೆ ಕೇಂದ್ರ ಬಂತು, ಗೋಡೆಯನ್ನು ಎಂಜಿನಿಯರರು ನೋಡಿ ಗಟ್ಟಿ ಇದೆ ಎಂದು ಬರೆದುಕೊಟ್ಟರು. ಕೇಂದ್ರದ ಮೊದಲ ಪರೀಕ್ಷೆಯ ಬೆಳಿಗ್ಗೆ ಉತ್ತರಪತ್ರಿಕೆಯ ಕಟ್ಟು ಬಿಚ್ಚುತ್ತಿರುವಾಗಲೂ ಅದೇ ಪ್ರಶ್ನೆ. ಅವರಿಗೆ ನಿವೃತ್ತಿಯಾದ ಮೇಲೆ ರಬಕವಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ನಮಸ್ಕಾರಕ್ಕಿಂತ ಮೊದಲು ಕೇಳಿದ್ದು: “ಹಳೀ ಪೇಪರ್ ಎಲ್ಲಿ ಇಡ್ತಾರ್ರೀ ಅವರು?”

ಅವರು ಹೋದ ಮೂರನೇ ದಿನ ಚಿಮ್ಮಡದ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಹೆಂಗಸರ ನಡುವೆ ಸಾವಿತ್ರಿ ಕೂತಿದ್ದಳು. ಈಗ ರಬಕವಿಯಲ್ಲಿ ಸೀರೆ ವ್ಯಾಪಾರದ ಮನೆ ಸೇರಿದ್ದಾಳೆ, ಇಬ್ಬರು ಮಕ್ಕಳು. ಎದ್ದು ಬಂದು ನನ್ನ ಪಕ್ಕ ಕೂತಳು.

“ಸಾವಿತ್ರಿ, ಅವತ್ತು ನಾಕ ಪುಟ ಏನ ಬರದಿದ್ದೆವಾ? ಸಾಯೂ ತನಕಾ ಅದನ್ನ ಕೇಳಿದ್ರು ನೋಡು.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೊದಲನೇ ಪುಟಾ ಪೂರಾ ತಪ್ಪ ಬರದಿದ್ದೆ ರೀ ಅಕ್ಕಾರ. ಯಾವ ಭೂಮಿ ಯಾವುದರ ಕೆಳಗ ಹೋಗತೈತಿ ಅನ್ನೂದ ಉಲ್ಟಾ ಆಗಿತ್ತು. ಪುಟಾ ಮುಗದ ಮ್ಯಾಲ ತಿಳೀತು.”

“ಮತ್ತ ಉಳಿದ ಮೂರು ಪುಟ?”

“ಅದು ಯಾಕ ತಪ್ಪು ಅಂತ ಬರದೇನ್ರಿ.”

“ಒಂದು ಗೆರಿ ಎಳದು ಹೊಡದ ಹಾಕಿದ್ರ ಆಗ್ತಿತ್ತಲ್ಲವಾ! ಮೂರು ಪ್ರಶ್ನಿ ಉಳೀತಿದ್ದುವು.”

ಸಾವಿತ್ರಿ ನನ್ನನ್ನು ಅಚ್ಚರಿಯಿಂದ ನೋಡಿದಳು. ಇಷ್ಟು ವರ್ಷ ಹೆಡ್‌ಮಾಸ್ತರಿಕೆ ಮಾಡಿದವರಿಗೆ ಇದೂ ತಿಳಿಯಲಿಲ್ಲವೇ ಎನ್ನುವಂತೆ.

“ಹಂಗ ಹೊಡದ ಹಾಕಬಾರದ್ರಿ ಅಕ್ಕಾರ,” ಎಂದಳು.